'ಏನೂ ಬೇಡ' ಅನ್ನುವವರಿಗೆ ಮದುವೆಯ ವಾರ್ಷಿಕೋತ್ಸವಕ್ಕೆ ಏನು ಕೊಡುವುದು?

ಪ್ರಶ್ನೆ: ನಮ್ಮ ಮದುವೆಯಾಗಿ ಒಂಬತ್ತು ವರ್ಷ ತುಂಬಲು ಇನ್ನು ಆರು ವಾರ ಇದೆ. ಪ್ರತಿ ಸಲವೂ ಹಿಂದಿನ ದಿನ ಓಡಾಡಿ ಏನೋ ಒಂದು ತಂದುಬಿಡುತ್ತೇನೆ. ಹೋದ ವರ್ಷ ಕೊಟ್ಟ ವಾಚನ್ನು ಹೆಂಡತಿ ಎರಡು ದಿನ ಕಟ್ಟಿ ಡ್ರಾಯರಿಗೆ ಹಾಕಿದಳು. ಕೇಳಿದರೆ 'ಏನೂ ಬೇಡ' ಎನ್ನುತ್ತಾಳೆ. ಈ ಸಲವಾದರೂ ಅರ್ಥವಿರುವಂಥದ್ದು ಕೊಡಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಡ್ರಾಯರಿನಿಂದಲೇ ಶುರು ಮಾಡಿ. ವಾಚು ಅಲ್ಲಿಗೆ ಯಾಕೆ ಹೋಯಿತು ಎಂದು ತಿಳಿದರೆ ಈ ವರ್ಷದ ಅರ್ಧ ಕೆಲಸ ಮುಗಿದಂತೆ. ವಾಚು ಕಳಪೆಯೇನೂ ಆಗಿರಲಿಕ್ಕಿಲ್ಲ. ಆದರೆ ಹಿಂದಿನ ದಿನದ ಓಡಾಟದಲ್ಲಿ ತಂದ ವಸ್ತುವನ್ನು ಯಾರಿಗೆ ಬೇಕಾದರೂ ಕೊಡಬಹುದು. ನೀವು ಇವರನ್ನು, ಇವರೊಬ್ಬರನ್ನೇ, ಗಮನಿಸಿದ್ದೀರಿ ಎನ್ನುವ ಗುರುತು ಅದರಲ್ಲಿ ಇರುವುದಿಲ್ಲ. ಒಂಬತ್ತು ವರ್ಷ ಜೊತೆಗಿದ್ದವರು ಪೊಟ್ಟಣ ಬಿಚ್ಚುವಾಗ ಹುಡುಕುವುದು ಆ ಗುರುತನ್ನೇ.

ಬೆಲೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಫ್ರಾನ್ಸಿಸ್ ಫ್ಲಿನ್ ಮತ್ತು ಗ್ಯಾಬ್ರಿಯೆಲ್ ಆಡಮ್ಸ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಉಡುಗೊರೆ ದುಬಾರಿಯಾದಷ್ಟೂ ಮೆಚ್ಚುಗೆ ಹೆಚ್ಚು ಎಂದು ಕೊಟ್ಟವರು ನಂಬಿದ್ದರು. ಪಡೆದವರ ಮೆಚ್ಚುಗೆಗೂ ಬೆಲೆಗೂ ಅಂಥ ನಂಟು ಕಾಣಲಿಲ್ಲ, ನಿಶ್ಚಿತಾರ್ಥದ ಉಂಗುರದ ವಿಷಯದಲ್ಲೂ. ಅಲ್ಲದೆ ಸಂಸಾರದ ದುಡ್ಡು ಒಂದೇ ಚೀಲದಲ್ಲಿರುವಾಗ, ನೀವು ಕೊಟ್ಟ ದುಬಾರಿ ವಸ್ತುವಿನ ಅರ್ಧ ಹಣ ಅವರದೇ. ಮೂಗಿಗಿಂತ ಮೂಗುತಿ ಭಾರವಾದರೆ ಮೊದಲ ಪ್ರತಿಕ್ರಿಯೆ ಸಂತೋಷವಲ್ಲ, 'ಎಷ್ಟಾಯ್ತು?'

'ಏನೂ ಬೇಡ' ಎಂಬ ಮಾತಿಗೆ ಬಹುಮಟ್ಟಿಗೆ ಮೂರು ಅರ್ಥಗಳಿರುತ್ತವೆ. ಒಂದು, ಖರ್ಚಿನ ಚಿಂತೆ. ಎರಡು, ಹಿಂದೆ ಬಂದ ವಸ್ತುಗಳನ್ನು ಇಟ್ಟುಕೊಳ್ಳುವುದೇ ಒಂದು ಕೆಲಸವಾಗಿದೆ. ಮೂರನೆಯದನ್ನು ಗಂಡಂದಿರು ಸಾಮಾನ್ಯವಾಗಿ ಊಹಿಸುವುದೇ ಇಲ್ಲ: 'ಏನು ಬೇಕು ಹೇಳು' ಎಂದಾಗ ಯೋಚಿಸುವ, ಆರಿಸುವ, ಅಳತೆ ಹೇಳುವ ಹೊಣೆಯೆಲ್ಲ ಕೇಳಿಸಿಕೊಂಡವರ ತಲೆಗೇ ಬರುತ್ತದೆ. ಮನೆಯ ಮುಕ್ಕಾಲು ನಿರ್ಧಾರಗಳನ್ನು ಹೇಗೂ ಮಾಡುತ್ತಿರುವವರಿಗೆ ಇನ್ನೊಂದು ಬೇಡವಾಗಿರುತ್ತದೆ. ನಿಮ್ಮ ಮನೆಯಲ್ಲಿ ಯಾವುದು ನಿಜ ಎಂಬುದು ನಿಮಗೇ ಗೊತ್ತು. ಮೊದಲನೆಯದಾದರೆ ಮೊತ್ತವನ್ನು ಇಬ್ಬರೂ ಮುಂಚೆಯೇ ಒಪ್ಪಿಕೊಳ್ಳಿ. ಎರಡನೆಯದಾದರೆ ವಸ್ತುವನ್ನೇ ಕೊಡಬೇಡಿ. ಮೂರನೆಯದಾದರೆ ಕೇಳುವುದನ್ನು ಬಿಟ್ಟು ನೋಡುವುದನ್ನು ಶುರು ಮಾಡಿ. ಒಂದು ವಿನಾಯಿತಿ ಇದೆ. ಅವರು ಯಾವತ್ತಾದರೂ ನಿರ್ದಿಷ್ಟವಾಗಿ, ಹೆಸರು ಬಣ್ಣದ ಸಮೇತ ಒಂದನ್ನು ಕೇಳಿದ್ದರೆ ಅದನ್ನೇ ತನ್ನಿ. 'ಅದಕ್ಕಿಂತ ಚೆನ್ನಾಗಿರೋದು' ಅಂತ ಬೇರೆ ತರುವ ಜಾಣತನ ಬೇಡ.

ನೋಡುವುದಕ್ಕೆ ಎರಡು ವಾರ ಕೊಡಿ. ಫೋನಿನಲ್ಲಿ ಒಂದು ಟಿಪ್ಪಣಿ ತೆರೆದು ದಿನಕ್ಕೆ ಒಂದೋ ಎರಡೋ ಸಾಲು ಬರೆಯುತ್ತಾ ಹೋಗಿ. ಬರೆಯಬೇಕಾದದ್ದು ಇಂಥವು: ಎರಡು ಸಲ ಗೊಣಗಿದ ವಿಷಯ, ಸವೆದುಹೋದರೂ ಬದಲಿಸದೆ ಬಳಸುತ್ತಿರುವ ವಸ್ತು, ಕೈಗೆತ್ತಿಕೊಂಡು ನೋಡಿ ಮತ್ತೆ ಅಲ್ಲೇ ಇಟ್ಟದ್ದು, ನೆಂಟರ ಮುಂದೆ ನಿಮ್ಮಿಬ್ಬರ ಬಗ್ಗೆ ಪದೇಪದೇ ಹೇಳುವ ಘಟನೆ, ಮದುವೆಯಾದ ಮೇಲೆ, ಮಕ್ಕಳಾದ ಮೇಲೆ ಅಥವಾ ಕೆಲಸ ಬದಲಾದ ಮೇಲೆ ಸದ್ದಿಲ್ಲದೆ ಕೈಬಿಟ್ಟ ಹವ್ಯಾಸ. ಈ ಕೊನೆಯದೇ ಚಿನ್ನದ ಗಣಿ. ಹಾಡುತ್ತಿದ್ದವರು, ಚಿತ್ರ ಬರೆಯುತ್ತಿದ್ದವರು, ಬೆಳಗ್ಗೆ ಎದ್ದು ಈಜಲು ಹೋಗುತ್ತಿದ್ದವರು ಅದನ್ನು ಬಿಟ್ಟೆ ಎಂದು ಘೋಷಿಸುವುದಿಲ್ಲ. ಒಂದು ದಿನ ಅದು ನಿಂತಿರುತ್ತದೆ, ಅಷ್ಟೆ. ಎರಡು ವಾರದಲ್ಲಿ ಒಂದೇ ವಿಷಯ ಎರಡು ಬೇರೆ ರೂಪದಲ್ಲಿ ಟಿಪ್ಪಣಿಗೆ ಬಂದಿದ್ದರೆ ನಿಮ್ಮ ಉಡುಗೊರೆ ಅಲ್ಲಿದೆ.

ಹೊಳೆದದ್ದನ್ನು ಕೊಳ್ಳುವ ಮೊದಲು ಮೂರು ಜರಡಿಗಳಲ್ಲಿ ಹಾಯಿಸಿ. ಇದೇ ವಸ್ತುವನ್ನು ಸಹೋದ್ಯೋಗಿಗೆ ಕೊಟ್ಟರೂ ಒಪ್ಪುತ್ತದೆಯೇ? ಒಪ್ಪುವುದಾದರೆ ಬಿಡಿ. ತಿಂಗಳ ನಂತರ ಅದು ಮನೆಯಲ್ಲಿ ಯಾವ ಜಾಗದಲ್ಲಿರುತ್ತದೆ? ಜಾಗ ಕಣ್ಣಿಗೆ ಬರದಿದ್ದರೆ ಅದು ಇನ್ನೊಂದು ಡ್ರಾಯರು. ಇದು ಅವರಿಗೆ ಏನು ಕೆಲಸ ಕೊಡುತ್ತದೆ? ದಿನವೂ ನೀರು ಕೇಳುವ ಗಿಡ, ಜೋಡಿಸಬೇಕಾದ ಕಪಾಟು, ತಿಂಗಳು ತಿಂಗಳು ನವೀಕರಿಸಬೇಕಾದ ಚಂದಾ ಎಲ್ಲವೂ ಇಲ್ಲಿ ಉದುರುತ್ತವೆ. ಜಿಮ್ ಸದಸ್ಯತ್ವ, ಒಂದು ಅಳತೆ ಚಿಕ್ಕದಾದ ಉಡುಪು, 'ಸಮಯ ನಿರ್ವಹಣೆ'ಯ ಪುಸ್ತಕ ಉಡುಗೊರೆಯ ವೇಷದಲ್ಲಿರುವ ಟೀಕೆಗಳು. ಮನೆಗೆ ಬೇಕಾದ ಯಂತ್ರ ಮನೆಗೇ ಸೇರುತ್ತದೆ, ಅವರಿಗಲ್ಲ.

ಈಗ ರೂಪಗಳ ವಿಷಯ. ಮೇಲಿನ ಟಿಪ್ಪಣಿ ಸರಿಯಾಗಿದ್ದು, ಕೈಕೆಲಸದ ಹಂತದಲ್ಲಿ ಹಾಳಾಗುವ ಉಡುಗೊರೆಗಳೇ ಹೆಚ್ಚು. ಅದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಒಂಬತ್ತು ವರ್ಷಕ್ಕೆ ಬಹಳ ಹೊಂದುವುದು ಫೋಟೊ ಆಲ್ಬಮ್. ಬಹಳ ಕೆಡುವುದೂ ಅದೇ. ಮೊದಲ ತಪ್ಪು, ಮುನ್ನೂರು ಚಿತ್ರ ತುರುಕುವುದು. ಮೂವತ್ತರಿಂದ ನಲವತ್ತಕ್ಕೆ ನಿಲ್ಲಿಸಿ, ಪುಟಕ್ಕೆ ಒಂದೇ ಇರಲಿ. ಅವುಗಳಲ್ಲಿ ಅರ್ಧದಷ್ಟಾದರೂ ಸಮಾರಂಭದ ಚಿತ್ರಗಳಲ್ಲದೆ ಸಾದಾ ದಿನಗಳವಾಗಿರಲಿ: ಮೊದಲ ಬಾಡಿಗೆ ಮನೆಯ ಕಿಟಕಿ, ಅರ್ಧ ನಿದ್ದೆಯ ಮುಖ, ಕೆಟ್ಟು ನಿಂತ ಗಾಡಿಯ ಪಕ್ಕ ತೆಗೆದದ್ದು. ಪ್ರತಿ ಚಿತ್ರದ ಕೆಳಗೆ ದಿನಾಂಕ, ಜಾಗ, ಜೊತೆಗೆ ಅವರಿಗೆ ಗೊತ್ತಿಲ್ಲದ ಒಂದೇ ಒಂದು ಸಾಲು. 'ಈ ಫೋಟೊ ತೆಗೆಯುವಾಗ ನನ್ನ ಜೇಬಿನಲ್ಲಿ ಬಸ್ಸಿನ ದುಡ್ಡೂ ಇರಲಿಲ್ಲ' ಎಂಬಂಥದ್ದು. 'ಮಧುರ ನೆನಪುಗಳು' ಎಂದು ಬರೆದರೆ ಅದು ಯಾರದೇ ಆಲ್ಬಮ್ ಆಗಬಹುದು.

ಎರಡನೆಯ ತಪ್ಪು ತಾಂತ್ರಿಕ. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡಿಯಿರಿ: 4×6 ಇಂಚಿನ ಚಿತ್ರಕ್ಕೆ 1200×1800, 8×10 ಇಂಚಿಗೆ 2400×3000. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ ದಾರಿಯಲ್ಲೇ ಕುಗ್ಗಿರುತ್ತದೆ. ಫೋನಿನ ಪರದೆಯಲ್ಲಿ ಚೆನ್ನಾಗಿ ಕಂಡರೂ ಪುಟದ ಗಾತ್ರಕ್ಕೆ ಹಿಗ್ಗಿಸಿದಾಗ ಮುಖ ಮಸುಕಾಗುತ್ತದೆ. ಚಿತ್ರ ತೆಗೆದ ಫೋನಿನಿಂದಲೇ ಮೂಲ ಕಡತವನ್ನು ಡಾಕ್ಯುಮೆಂಟ್ ರೂಪದಲ್ಲಿ ತರಿಸಿಕೊಳ್ಳಿ. ಹಳೆಯ ಮುದ್ರಿತ ಫೋಟೊಗಳನ್ನು ಇಂಚಿಗೆ 600 ಪಿಕ್ಸೆಲ್‌ನಂತೆ ಸ್ಕ್ಯಾನ್ ಮಾಡಿದರೆ ಉದ್ದ ಅಗಲ ಎರಡೂ ಇಮ್ಮಡಿಯಾಗುವಷ್ಟು ದೊಡ್ಡದಾಗಿ ಮುದ್ರಿಸಬಹುದು. ಪರದೆಗೆ ಹಿಂದಿನಿಂದ ಬೆಳಕಿರುತ್ತದೆ, ಕಾಗದಕ್ಕೆ ಇರುವುದಿಲ್ಲ. ಆದ್ದರಿಂದ ಮುದ್ರಣ ಸಾಮಾನ್ಯವಾಗಿ ನೀವು ನೋಡಿದ್ದಕ್ಕಿಂತ ಕತ್ತಲಾಗಿ ಬರುತ್ತದೆ. ಪರದೆಯ ಪ್ರಕಾಶವನ್ನು ಅರ್ಧಕ್ಕಿಳಿಸಿ ತಿದ್ದಿ, ಎರಡು ಮೂರು ಚಿತ್ರಗಳ ಮಾದರಿ ಮುದ್ರಣ ನೋಡಿದ ಮೇಲೆಯೇ ಪೂರ್ತಿ ಆರ್ಡರ್ ಕೊಡಿ. ಎರಡು ಪುಟ ಸೇರುವ ನಡುಗೆರೆಯಿಂದ ಮುಖಗಳು 2 ಸೆಂಟಿಮೀಟರ್ ದೂರವಿರಲಿ. ಅಂಚಿನಲ್ಲಿ 3 ಮಿಲಿಮೀಟರ್‌ನಷ್ಟು ಕತ್ತರಿಸಿ ಹೋಗುತ್ತದೆ ಎಂದೇ ಲೆಕ್ಕ ಹಾಕಿ.

ಕನ್ನಡದಲ್ಲಿ ಅಡಿಬರಹ ಬರೆಯುವವರಿಗೆ ಒಂದು ಪ್ರತ್ಯೇಕ ಎಚ್ಚರಿಕೆ. ಆಲ್ಬಮ್ ತಯಾರಿಸುವ ಕೆಲವು ತಂತ್ರಾಂಶಗಳು ಒತ್ತಕ್ಷರವನ್ನು ಜೋಡಿಸುವುದಿಲ್ಲ. 'ಪ್ರೀತಿ' ಎಂದು ಬರೆದದ್ದು 'ಪ್‌ರೀತಿ' ಎಂದು ಒಡೆದು ಅಚ್ಚಾಗುತ್ತದೆ. ಮುದ್ರಕರಿಗೆ ಕನ್ನಡ ಬಾರದಿದ್ದರೆ ಅವರಿಗೆ ತಪ್ಪು ಕಾಣುವುದೂ ಇಲ್ಲ. ಅಂತಿಮ ಪಿಡಿಎಫ್ ತರಿಸಿಕೊಂಡು ಒಂದೊಂದು ಅಕ್ಷರವನ್ನೂ ಓದಿ. ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಸಾಲುಗಳನ್ನು ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿ ಚಿತ್ರವಾಗಿ ಸೇರಿಸುವುದು. ಅಕ್ಷರ ಸೊಟ್ಟಗಿದ್ದರೆ ಇನ್ನೂ ಒಳ್ಳೆಯದು, ಅದು ನಿಮ್ಮದೇ ಸೊಟ್ಟ.

ಮೊದಲ ಪ್ರಯಾಣದ ಟಿಕೆಟ್ಟು, ರಸೀದಿ ಇತ್ಯಾದಿ ಇಟ್ಟುಕೊಂಡಿದ್ದರೆ ಇವತ್ತೇ ತೆಗೆದು ನೋಡಿ. ಅವು ಥರ್ಮಲ್ ಕಾಗದದವಾದರೆ ಅದರಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿಗೆ ಕಪ್ಪಾಗುವ ಲೇಪನ ಮಾತ್ರ. ವರ್ಷಗಳಲ್ಲಿ ಅಕ್ಷರ ತಾನಾಗಿಯೇ ಮಾಯವಾಗುತ್ತದೆ, ಪಿವಿಸಿ ಪ್ಲಾಸ್ಟಿಕ್ಕಿನ ಹಾಳೆಯೊಳಗಿಟ್ಟರೆ ಇನ್ನೂ ಬೇಗ. ಲ್ಯಾಮಿನೇಷನ್ ಮಾಡಿಸಿದರೆ ಆ ಬಿಸಿಗೆ ಇಡೀ ಟಿಕೆಟ್ಟು ಕಪ್ಪಾಗುತ್ತದೆ. ಮೊದಲು ಸ್ಕ್ಯಾನ್ ಮಾಡಿ, ಆಮೇಲೆ ಪಾಲಿಪ್ರಾಪಿಲೀನ್ ಎಂಬ ಬೇರೆ ಬಗೆಯ ಪ್ಲಾಸ್ಟಿಕ್ ಹಾಳೆಯೊಳಗೆ ಇಡಿ. ಫ್ರೇಮ್ ಹಾಕಿಸುವುದಾದರೆ ಆಮ್ಲರಹಿತ ಮೌಂಟ್ (ಚಿತ್ರದ ಸುತ್ತ ಕೂರಿಸುವ ರಟ್ಟಿನ ಚೌಕಟ್ಟು) ಹಾಕಿಸಿ ಚಿತ್ರಕ್ಕೂ ಗಾಜಿಗೂ ನಡುವೆ ಅಂತರ ಬಿಡಿಸಿ. ಅಂಟಿಕೊಂಡಿದ್ದರೆ ತೇವಕ್ಕೆ ಫೋಟೊ ಗಾಜಿಗೆ ಹಿಡಿದುಕೊಳ್ಳುತ್ತದೆ; ಕೀಳಲು ಹೋದರೆ ಮೇಲ್ಪದರವೇ ಕಿತ್ತುಬರುತ್ತದೆ.

ಯಾವ ಉಡುಗೊರೆ ಕೊಟ್ಟರೂ ಜೊತೆಗೆ ಒಂದು ಪತ್ರವಿರಲಿ. ಒಂದೇ ಪುಟ, ಇನ್ನೂರು ಪದ ಸಾಕು. ಒಂಬತ್ತು ವರ್ಷವನ್ನೂ ಅದರಲ್ಲಿ ತುಂಬಲು ಹೋಗಬೇಡಿ. ಕಳೆದ ಒಂದು ವರ್ಷದ ಒಂದು ಘಟನೆ ಆರಿಸಿ. ಅವರು ಅಲ್ಲಿ ಮಾಡಿದ್ದೇನು, ನೀವು ಆಗ ಹೇಳದೆ ಉಳಿದದ್ದೇನು, ಅದರಿಂದ ನಿಮ್ಮಲ್ಲಿ ಬದಲಾದದ್ದೇನು, ಇಷ್ಟನ್ನು ಬರೆಯಿರಿ. 'ನೀನಿಲ್ಲದೆ ನಾನಿಲ್ಲ' ಎಂದು ಶುರುವಾದ ಪತ್ರಕ್ಕೆ ಎರಡನೆಯ ಸಾಲು ಸಿಗುವುದಿಲ್ಲ. ಕ್ಷಮೆ ಕೇಳುವುದಿದ್ದರೆ ಬೇರೆ ದಿನ ಬಾಯಲ್ಲೇ ಕೇಳಿ, ಉಡುಗೊರೆಗೆ ಕಟ್ಟಿ ಕೊಡಬೇಡಿ. ಹಾಗೆ ಮಾಡಿದರೆ ಉಡುಗೊರೆ ದಂಡದಂತೆ ಕಾಣುತ್ತದೆ. ಬರೆಯಲು ಪಿಗ್ಮೆಂಟ್ ಶಾಯಿಯ ಪೆನ್ನು, ಆಮ್ಲರಹಿತ ಕಾಗದ ಬಳಸಿ. ಮಾಮೂಲಿ ಡೈ ಶಾಯಿ ಬೆಳಕಿಗೆ ಬಣ್ಣಗೆಡುತ್ತದೆ, ನೀರು ಬಿದ್ದರೆ ಹರಡುತ್ತದೆ.

ಆಭರಣ ಎಂದು ತೀರ್ಮಾನಿಸಿದರೆ ಅಳತೆಯೇ ಎಲ್ಲ. ಉಂಗುರಕ್ಕೆ ಬೆರಳಿಗೆ ದಾರ ಸುತ್ತಿ ಅಳೆಯುವ ಉಪಾಯ ಕೈಕೊಡುತ್ತದೆ: ದಾರ ಎಳೆದುಕೊಳ್ಳುತ್ತದೆ, ಗೆಣ್ಣಿನ ದಪ್ಪ ಲೆಕ್ಕಕ್ಕೆ ಬರುವುದಿಲ್ಲ, ಗುಟ್ಟೂ ಉಳಿಯುವುದಿಲ್ಲ. ಅದೇ ಬೆರಳಿಗೆ ಅವರು ಈಗ ಹಾಕುವ ಉಂಗುರದ ಒಳವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಅಮೆರಿಕನ್ ಪದ್ಧತಿಯಲ್ಲಿ ಒಂದು ಇಡೀ ಸೈಜಿಗೆ ವ್ಯತ್ಯಾಸ ಬರೀ 0.8 ಮಿಲಿಮೀಟರ್, ಆದ್ದರಿಂದ ಸ್ಕೇಲಿನ ಅಂದಾಜು ಸಾಲದು. ಎಡಗೈಯ ಉಂಗುರ ಅಳೆದು ಬಲಗೈಗೆ ಮಾಡಿಸಬೇಡಿ. ಹೆಚ್ಚು ಕೆಲಸ ಮಾಡುವ ಕೈಯ ಬೆರಳು ತುಸು ದಪ್ಪವಿರುತ್ತದೆ. 6 ಮಿಲಿಮೀಟರ್‌ಗಿಂತ ಅಗಲದ ಪಟ್ಟಿಯಾದರೆ ಕಾಲು ಅಥವಾ ಅರ್ಧ ಸೈಜು ಹೆಚ್ಚಿಗೆ ಬೇಕು. ಚಳಿಯಲ್ಲಿ ಬೆರಳು ಕುಗ್ಗುತ್ತದೆ, ಸೆಖೆಯಲ್ಲಿ ಊದುತ್ತದೆ. ಸುತ್ತಲೂ ಹರಳು ಕೂರಿಸಿದ ಉಂಗುರವನ್ನು ಆಮೇಲೆ ದೊಡ್ಡದು ಮಾಡಿಸುವುದು ಹೆಚ್ಚೂಕಡಿಮೆ ಅಸಾಧ್ಯ.

ಹರಳನ್ನು ಬಣ್ಣ ನೋಡಿ ಆರಿಸುವ ಮೊದಲು ಗಡಸುತನ ನೋಡಿ. ಮೋಸ್ ಮಾಪನದಲ್ಲಿ ವಜ್ರ 10, ಮಾಣಿಕ್ಯ ಮತ್ತು ನೀಲ 9, ಪಚ್ಚೆ 7.5ರಿಂದ 8, ಓಪಲ್ 5.5ರಿಂದ 6.5, ಮುತ್ತು ಅದಕ್ಕಿಂತ ಬಹಳ ಕೆಳಗೆ. ಮನೆಯ ಧೂಳಿನಲ್ಲೇ ಇರುವ ಸ್ಫಟಿಕದ ಕಣಗಳ ಗಡಸುತನ 7. ಅಂದರೆ ದಿನವೂ ಕೈ ತೊಳೆದು, ಬಟ್ಟೆ ಒಗೆದು ಬಾಳುವ ಬೆರಳಿಗೆ ಓಪಲ್ ಉಂಗುರ ಕೊಟ್ಟರೆ ಧೂಳು ಒರೆಸುವ ಬಟ್ಟೆಯೇ ಅದರ ಹೊಳಪು ತೆಗೆಯುತ್ತದೆ. ಪಚ್ಚೆ ಗಡಸಾದರೂ ಒಳಗೆ ಬಿರುಕುಗಳಿರುತ್ತವೆ, ಅವುಗಳಿಗೆ ಎಣ್ಣೆ ತುಂಬಿಸಿರುತ್ತಾರೆ. ಪೆಟ್ಟಿಗೂ ಅಲ್ಟ್ರಾಸೋನಿಕ್ ಯಂತ್ರದ ತೊಳೆತಕ್ಕೂ ಅದು ತಾಳುವುದಿಲ್ಲ. ಮುತ್ತು ಕಿವಿಗೆ, ಕೊರಳಿಗೆ ಸರಿ. ಸುಗಂಧದ್ರವ್ಯ ಹಾಕಿಕೊಂಡ ಮೇಲೆ ಕೊನೆಯಲ್ಲಿ ಧರಿಸಬೇಕು. ಚಿನ್ನದ ಒಳಮೈಯಲ್ಲಿ 916 ಇದ್ದರೆ 22 ಕ್ಯಾರೆಟ್, 750 ಇದ್ದರೆ 18, 585 ಇದ್ದರೆ 14, ಬೆಳ್ಳಿಗೆ 925. ಹರಳನ್ನು ಹಿಡಿದಿಡುವ ಹಲ್ಲುಗಳು 22 ಕ್ಯಾರೆಟ್‌ಗಿಂತ 18ರಲ್ಲಿ ಗಟ್ಟಿ ನಿಲ್ಲುತ್ತವೆ. ಬಿಳಿ ಚಿನ್ನದ ಮೇಲಿನ ರೋಡಿಯಂ ಎಂಬ ಬಿಳಿ ಲೋಹದ ಲೇಪ ಸವೆದು ಹಳದಿ ಇಣುಕುತ್ತದೆ, ಆಗಾಗ ಮರುಲೇಪ ಬೇಕು. ಇದನ್ನು ಕೊಡುವಾಗಲೇ ಹೇಳಿಬಿಡಿ, ಮೋಸ ಹೋದೆವು ಎಂಬ ಅನುಮಾನ ಬರದಿರಲಿ.

ಕೆತ್ತನೆ ಚೆಂದ, ಆದರೆ ಅವಸರ ಬೇಡ. ಕೆತ್ತಿದ ವಸ್ತುವನ್ನು ಸಾಮಾನ್ಯವಾಗಿ ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಸೈಜು ಬದಲಿಸಿದರೆ ಅಕ್ಷರ ತುಂಡಾಗುತ್ತದೆ. ಉಂಗುರ ಕೂತದ್ದು ನೋಡಿಕೊಂಡು ಆಮೇಲೆ ಕೆತ್ತಿಸಿ. ತೆಳು ಉಂಗುರದೊಳಗೆ ಒತ್ತಕ್ಷರದ ಹೆಸರು ಕೆತ್ತಿಸಿದರೆ ಒತ್ತು ಕೆಳಗಂಚಿಗೆ ತಾಗಿ ಬರೀ ಗೀರಾಗುತ್ತದೆ. ಅಲ್ಲಿ ದಿನಾಂಕ ಸಾಕು. ಹೆಸರು ಬೇಕಾದರೆ ಚಪ್ಪಟೆ ಪೆಂಡೆಂಟ್ ಆರಿಸಿ, ಕೈಬರಹದ ಸ್ಕ್ಯಾನ್ ಕೊಡಿ. ಗಂಡನಿಗೆ ಕೊಡುವ ಹೆಂಡತಿಗೂ ಇವೆಲ್ಲ ಅಷ್ಟೇ ಅನ್ವಯ. ಗಂಡಸರ ಗೆಣ್ಣು ಹೆಚ್ಚು ದಪ್ಪವಿರುವುದರಿಂದ ಗೆಣ್ಣು ದಾಟುವ ಸೈಜೇ ಲೆಕ್ಕ.

ವಸ್ತು ಬೇಡವೆಂದಾದರೆ ಅನುಭವ. ಸಿಂಡಿ ಚಾನ್ ಮತ್ತು ಕ್ಯಾಸಿ ಮೊಗಿಲ್ನರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅನುಭವದ ಉಡುಗೊರೆ ವಸ್ತುವಿಗಿಂತ ಸಂಬಂಧವನ್ನು ಗಟ್ಟಿ ಮಾಡುತ್ತದೆ, ಕೊಟ್ಟವರು ಜೊತೆಗೆ ಹೋಗದಿದ್ದರೂ. ಆದರೆ ತಾರೀಖಿಲ್ಲದ ವೋಚರ್ ಅನುಭವವಲ್ಲ. ಅದು ಅವಧಿ ಮುಗಿದು ಸಾಯುವ ಕಾಗದ. ದಿನ ನಿಗದಿ ಮಾಡಿ, ಇಬ್ಬರ ರಜೆ ನೋಡಿ, ಮಕ್ಕಳಿದ್ದರೆ ಯಾರ ಬಳಿ ಎಂದು ಏರ್ಪಾಡು ಮಾಡಿ. ಹೊರಡುವ ಹೊತ್ತು, ಹಾಕಬೇಕಾದ ಉಡುಪಿನ ಬಗೆ, ವಾಪಸಾಗುವ ಸಮಯವನ್ನು ಒಂದು ಕಾರ್ಡಿನಲ್ಲಿ ಬರೆದು ಕೊಡಿ. ಕೈಬಿಟ್ಟ ಹವ್ಯಾಸದ ತರಗತಿಗೆ ಸೇರಿಸುವುದಾದರೆ ಆರು ತಿಂಗಳ ಶುಲ್ಕ ಕಟ್ಟಬೇಡಿ. ಒಂದು ದಿನದ ಪಾಠ ಸಾಕು, ಮುಂದಿನದು ಅವರ ಇಷ್ಟ.

ವರ್ಷಕ್ಕೊಂದು ವಸ್ತುವಿನ ಪಟ್ಟಿ ನೀವು ಕೇಳಿರಬಹುದು: ಮೊದಲ ವರ್ಷ ಕಾಗದ, ಐದಕ್ಕೆ ಮರ, ಇಪ್ಪತ್ತೈದಕ್ಕೆ ಬೆಳ್ಳಿ, ಐವತ್ತಕ್ಕೆ ಚಿನ್ನ. ಬೆಳ್ಳಿ ಚಿನ್ನದ ರೂಢಿ ಹಳೆಯದು. ಈಗ ಕಾಣುವ ಉದ್ದನೆಯ ಪಟ್ಟಿಯನ್ನು 1937ರಲ್ಲಿ ಹಿಗ್ಗಿಸಿದ್ದು ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ, ಉದ್ದೇಶ ಊಹಿಸುವುದು ಕಷ್ಟವಲ್ಲ. ಹಾಗಂತ ಪೂರ್ತಿ ತಳ್ಳಿಹಾಕಬೇಕಿಲ್ಲ. ಅದರಲ್ಲಿ ಒಂಬತ್ತನೆಯ ವರ್ಷಕ್ಕಿರುವುದು ಕುಂಬಾರಿಕೆ. ಇಬ್ಬರೂ ಕೂತು ಮಣ್ಣು ಮೆತ್ತಿಕೊಂಡು ಒಂದೊಂದು ಬಟ್ಟಲು ಮಾಡುವುದು ಒಳ್ಳೆಯ ಅರ್ಧ ದಿನ. ಆದರೆ ಬಟ್ಟಲು ಅದೇ ದಿನ ಕೈಗೆ ಬರುವುದಿಲ್ಲ. ಮಣ್ಣು ನಿಧಾನವಾಗಿ ಒಣಗಲು ಒಂದೆರಡು ವಾರ, ಆಮೇಲೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲ ಸುಡುವಿಕೆ, ಹೊಳಪು ಬಳಿದು ಮತ್ತೊಮ್ಮೆ ಸುಡುವಿಕೆ. ಒಳಗೆ ತೇವ ಉಳಿದಿದ್ದರೆ ಆವಿಯಾಗಿ ಒಡೆಯುತ್ತದೆ, ತಳ ದಪ್ಪವಿದ್ದರಂತೂ ಆ ಅಪಾಯ ಇನ್ನೂ ಹೆಚ್ಚು. ಆರು ವಾರ ಇರುವ ನೀವು ಈ ವಾರವೇ ಹೋದರೆ ಬಟ್ಟಲು ದಿನಕ್ಕೆ ಸರಿಯಾಗಿ ಸಿದ್ಧವಿರುತ್ತದೆ.

ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಕಷ್ಟದ ಉಡುಗೊರೆ ಸಮಯ. 'ಇನ್ನು ಮೇಲೆ ನಿನಗೆ ಹೆಚ್ಚು ಸಮಯ ಕೊಡುತ್ತೇನೆ' ಎಂಬುದು ಮಾತು. 'ತಿಂಗಳ ಮೊದಲ ಶನಿವಾರ ಬೆಳಗ್ಗೆ ಏಳರಿಂದ ಒಂದರವರೆಗೆ ಮನೆಯ ಹೊಣೆ ನನ್ನದು, ನಿನ್ನ ಫೋನು ಬಂದ್' ಎಂದು ಹನ್ನೆರಡು ತಾರೀಖುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ ಕೊಟ್ಟರೆ ಅದು ಉಡುಗೊರೆ. ಇದು ಸಾಮಾನ್ಯವಾಗಿ ಮೂರನೆಯ ತಿಂಗಳಲ್ಲಿ ಮುರಿಯುತ್ತದೆ, ಆಫೀಸಿನ ಕೆಲಸವೋ ನೆಂಟರ ಕಾರ್ಯಕ್ರಮವೋ ಅಡ್ಡ ಬಂದು. ಅದಕ್ಕೇ ಪ್ರತಿ ತಾರೀಖಿಗೂ ಒಂದು ಬದಲಿ ದಿನವನ್ನು ಮೊದಲೇ ಬರೆದಿಡಿ. ಆ ಆರು ಗಂಟೆಯಲ್ಲಿ 'ಉಪ್ಪಿನ ಡಬ್ಬಿ ಎಲ್ಲಿದೆ?' ಎಂದು ಕೇಳಿದರೆ ಆ ತಿಂಗಳು ಲೆಕ್ಕಕ್ಕಿಲ್ಲ.

ಆರು ವಾರದ ಹಂಚಿಕೆ ಹೀಗಿರಲಿ: ಎರಡು ವಾರ ಗಮನಿಸುವುದಕ್ಕೆ, ಮೂರನೆಯ ವಾರದ ಕೊನೆಗೆ ತೀರ್ಮಾನ, ನಾಲ್ಕು ಐದರಲ್ಲಿ ತಯಾರಿ, ಆರನೆಯದು ಖಾಲಿ. ಆ ಖಾಲಿ ವಾರವನ್ನು ಬಿಟ್ಟುಕೊಡಬೇಡಿ. ಆಲ್ಬಮ್ಮಿನ ತಪ್ಪು ಪುಟ, ತಡವಾದ ಪಾರ್ಸೆಲ್ಲು, ಸಣ್ಣದಾದ ಉಂಗುರ ಎಲ್ಲಕ್ಕೂ ಅದೇ ಆಸರೆ.

ಕೊಡುವಾಗ ನೆಂಟರ ಎದುರು ಬೇಡ. ಎಲ್ಲರ ಕಣ್ಣು ತಮ್ಮ ಮೇಲಿದ್ದಾಗ ಯಾರೂ ನಿಜವಾದ ಮುಖ ತೋರಿಸುವುದಿಲ್ಲ. ವಿಡಿಯೊ ಅಂತೂ ಬೇಡವೇ ಬೇಡ. ಯಾಕೆ ಇದನ್ನೇ ಆರಿಸಿದಿರಿ ಎಂದು ಎರಡು ಮಾತು ಹೇಳಿ: 'ಆವತ್ತು ನೀನು ಹೀಗಂದೆ, ಅದಕ್ಕೆ.' ಆಮೇಲೆ ಸುಮ್ಮನಿರಿ. 'ಹಿಡಿಸಿತಾ?' ಎಂದು ಮೂರು ಸಲ ಕೇಳಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರದೇ ಆಗುತ್ತದೆ.

ಇನ್ನು ಆ ವಾಚು. ಅದನ್ನು ಈ ವಾರ ಹೊರತೆಗೆದು ನೋಡಿ. ಎರಡು ದಿನ ಕಟ್ಟಿ ತೆಗೆದಿಟ್ಟದ್ದಕ್ಕೆ ಬೇಸರವೇ ಕಾರಣವಾಗಿರಬೇಕಿಲ್ಲ. ಬಕಲ್ ತಾಗುವ ಜಾಗದಲ್ಲಿ ಚರ್ಮ ಕೆಂಪಾಗಿ ತುರಿಸಿತ್ತೇ? ಅದು ಲೋಹದಲ್ಲಿರುವ ನಿಕಲ್‌ನ ಅಲರ್ಜಿ ಇರಬಹುದು; ಬಟ್ಟೆಯ ಪಟ್ಟಿ, ಟೈಟಾನಿಯಂ ಬಕಲ್ ಹಾಕಿಸಿದರೆ ಮುಗಿಯಿತು. ಪಟ್ಟಿ ಕೂರುವ ಎರಡು ಕೊಂಬುಗಳ ನಡುವಿನ ಅಗಲ 18ಓ 20ಓ ಮಿಲಿಮೀಟರ್ ಎಂದು ಅಳೆದುಕೊಂಡೇ ಹೊಸ ಪಟ್ಟಿ ತನ್ನಿ. ಮೇಲಿನ ಕೊಂಬಿನ ತುದಿಯಿಂದ ಕೆಳಗಿನ ತುದಿಯವರೆಗಿನ ಉದ್ದ ಅವರ ಮಣಿಕಟ್ಟಿನ ಅಗಲಕ್ಕಿಂತ ಹೆಚ್ಚಿದ್ದರೆ ಮಾತ್ರ ಅದಕ್ಕೆ ಮದ್ದಿಲ್ಲ. ಬದಲಾಯಿಸಿಕೊಳ್ಳಬೇಕು ಅಥವಾ ನೀವೇ ಕಟ್ಟಿಕೊಳ್ಳಬೇಕು. ಒಂದು ವೇಳೆ ಮುಳ್ಳು ನಿಂತಿದ್ದರೆ ಮೊದಲು ಬ್ಯಾಟರಿ ತೆಗೆಸಿ. ಮುಗಿದ ಬ್ಯಾಟರಿ ಒಳಗೇ ಉಳಿದರೆ ಸೋರಿ ಯಂತ್ರವನ್ನೇ ತಿಂದುಹಾಕುತ್ತದೆ.